ಆಗುಂಬೆ ಘಾಟಿಯಲ್ಲಿ ಸೈಕಲ್ ಕೈಕೊಟ್ಟಾಗ

ಸೋಮೇಶ್ವರ ದಾಟಿದರೆ ಆಗುಂಬೆ ಘಾಟಿ ಶುರು. ಒಟ್ಟು 14 ಹೇರ್‌ಪಿನ್ ತಿರುವು, ಎರಡೂ ಕಡೆ ಕಾಡು. ಮೇಲೆ ಆಗುಂಬೆ ಪೇಟೆ ಸಿಗುವ ತನಕ ಪಂಕ್ಚರ್ ಅಂಗಡಿಯ ಆಸೆ ಬಿಡಬೇಕು. ಹೆಬ್ರಿ ಕಡೆಯಿಂದ ಈ ರಸ್ತೆಯಲ್ಲಿ ಸೈಕಲ್ ಹೊಡೆಯುತ್ತಾ ನನಗೆ ಖಾತ್ರಿಯಾದ ವಿಷಯ ಒಂದಿದೆ. ಹತ್ತುವಾಗ ಏನು ಕೆಟ್ಟರೂ ಹೋಗುವುದು ಹೊತ್ತು ಮಾತ್ರ. ಇಳಿಯುವಾಗ ಕೆಟ್ಟರೆ ಕೈಕಾಲು ಮುರಿಯುತ್ತದೆ. ಹಾಗಾಗಿ ಸೈಕಲ್ ಪರೀಕ್ಷೆಯನ್ನು ನಾನು ಮನೆಯಲ್ಲಿ ಒಮ್ಮೆ, ಘಾಟಿಯ ತಲೆಯಲ್ಲಿ ಇನ್ನೊಮ್ಮೆ ಮಾಡುತ್ತೇನೆ.

ಹತ್ತುವಾಗ ಮೊದಲ ತಿರುವಿನಿಂದಲೇ ಹಗುರ ಗೇರ್. ಎಡಕ್ಕೆ ತಿರುಗುವ ಕಡೆ ಒಳಮೂಲೆ ತುಂಬಾ ಕಡಿದಾಗಿರುತ್ತದೆ. ಗಾಡಿ ಬರುವ ಸದ್ದಿಲ್ಲದಿದ್ದರೆ ಮಾತ್ರ ಸ್ವಲ್ಪ ಹೊರಗಿನಿಂದ ಸುತ್ತಿ ಹೋಗುತ್ತೇನೆ.

ಒಮ್ಮೆ ಅರ್ಧ ಘಾಟಿಯಲ್ಲಿ ಹಿಂದಿನ ಗೇರ್ ಕೇಬಲ್ ಹ್ಯಾಂಡಲ್ ಹತ್ತಿರವೇ ಕಟ್ ಆಯಿತು. ಕೇಬಲ್ ಹೋದರೆ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಸ್ಪ್ರಿಂಗ್ ಚೈನನ್ನು ಎಳೆದು ಅತಿ ಸಣ್ಣ ಹಲ್ಲುಚಕ್ರದ ಮೇಲೆ ಕೂರಿಸುತ್ತದೆ. ಆ ಗೇರಿನಲ್ಲಿ ಏರು ತುಳಿಯಲು ಸಾಧ್ಯವೇ ಇಲ್ಲ. ನನ್ನ ಸೈಕಲ್ಲಿನಲ್ಲಿ ಕೇಬಲ್ ಫ್ರೇಮಿನ ಹೊರಗೇ ಹೋಗುತ್ತದೆ. ಉಳಿದ ತುಂಡನ್ನು ಕೈಯಿಂದ ಬಿಗಿಯಾಗಿ ಎಳೆದೆ. ಹಿಂದಿನ ಚಕ್ರ ಎತ್ತಿ ಪೆಡಲ್ ತಿರುಗಿಸಿದಾಗ ಚೈನ್ ಕಟಕ್ ಕಟಕ್ ಎಂದು ಒಂದೊಂದೇ ಹಲ್ಲುಚಕ್ರ ಏರಿತು. ಬೇಕಾದ ಕಡೆ ಬಂದ ಕೂಡಲೇ ಕೇಬಲ್ಲನ್ನು ಬಾಟಲಿ ಸ್ಟ್ಯಾಂಡಿನ ಬೋಲ್ಟಿಗೆ ಸುತ್ತಿ, ಅಲೆನ್ ಕೀಯಿಂದ ಬಿಗಿದೆ. ಅಲ್ಲಿಂದ ಒಂದೇ ಗೇರಿನಲ್ಲಿ ಆಗುಂಬೆ ತಲುಪಿದೆ. ಕೇಬಲ್ ಎಳೆಯಲು ಸಿಗದಿದ್ದರೆ ಡಿರೇಲರಿನಲ್ಲಿ ಎಚ್ ಎಂದು ಬರೆದ ಸ್ಕ್ರೂ ಇರುತ್ತದೆ. ಅದನ್ನು ಒಳಕ್ಕೆ ತಿರುಗಿಸಿದರೆ ಚೈನ್ ಒಂದೆರಡು ಹಲ್ಲುಚಕ್ರ ಮೇಲೆ ಹೋಗುತ್ತದೆ. ಅಷ್ಟಾದರೂ ಲಾಭವೇ ಅಲ್ವಾ?

ಮಳೆಗಾಲದ ಪಂಕ್ಚರ್ ಬೇರೆಯೇ ಕಥೆ. ಒದ್ದೆ ಟ್ಯೂಬಿಗೆ ಸೊಲ್ಯೂಷನ್ ಹಿಡಿಯುವುದಿಲ್ಲ. ಪ್ಯಾಚ್ ನಂಬಿಕೊಂಡು ಹೋಗಬೇಡಿ, ಹೊಸ ಟ್ಯೂಬ್ ಇಟ್ಟುಕೊಳ್ಳಿ. ಹುಲ್ಲಿನ ಮೇಲೆ ಕೂತರೆ ಟೈರ್ ಬಿಚ್ಚುವಷ್ಟರಲ್ಲಿ ಇಂಬಳ (ಜಿಗಣೆ) ಕಾಲಿಗೆ ಹತ್ತಿರುತ್ತದೆ. ತಿರುವಿನಿಂದ ದೂರ, ಡ್ರೈವರಿಗೆ ಕಾಣುವ ಕಡೆ, ತಡೆಗೋಡೆಯ ಪಕ್ಕ ಜಾಗ ಹುಡುಕುವುದು ಒಳ್ಳೆಯದು. ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ತೆಗೆಯಿರಿ. ಇಲ್ಲದಿದ್ದರೆ ಹೊಸದೂ ಹೋಯಿತು. ಟೈರಿನ ಪಕ್ಕ ಸೀಳಿದ್ದರೆ ಒಳಗಿನಿಂದ ಹಳೆ ಟೈರಿನ ತುಂಡು ಕೊಡುತ್ತೇನೆ. ತೆಳು ಪ್ರೆಸ್ಟಾ ವಾಲ್ವ್ ಇರುವವರು ಪುಟ್ಟ ಹಿತ್ತಾಳೆ ಅಡಾಪ್ಟರ್ ಮರೆಯಬಾರದು. ಪೇಟೆಯ ಗಾಳಿ ಪೈಪು ಆ ವಾಲ್ವಿಗೆ ಹಾಗೇ ಕೂರುವುದಿಲ್ಲ.

ಮೇಲೆ ಸೂರ್ಯಾಸ್ತ ನೋಡುವ ಜಾಗದಲ್ಲಿ ಎಲ್ಲರೂ ಕಡಲ ಕಡೆ ನೋಡುತ್ತಿದ್ದರೆ ನಾನು ಬ್ರೇಕ್ ಪ್ಯಾಡ್ ನೋಡುತ್ತಿರುತ್ತೇನೆ. ಪ್ಯಾಡಿನ ಗೀರು ಸವೆದು ಮಾಯವಾಗಿದ್ದರೆ ಅಲ್ಲೇ ಬದಲಿಸುತ್ತೇನೆ. ಚಕ್ರದ ಲಾಕ್ ಬಿಗಿ ಇದೆಯಾ, ಎರಡೂ ಲಿವರ್ ಗಟ್ಟಿ ಹಿಡಿದರೆ ಸೈಕಲ್ ನಿಲ್ಲುತ್ತದಾ ಎಂದು ಪರೀಕ್ಷಿಸುತ್ತೇನೆ. ಇಳಿಯುತ್ತಾ ಬ್ರೇಕನ್ನು ಸುಮ್ನೆ ಒತ್ತಿಕೊಂಡೇ ಇರಬಾರದು. ಚಕ್ರದ ರಿಮ್ಮನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕಾದರೆ ರಿಮ್ ಕಾದು ಟ್ಯೂಬ್ ಒಡೆಯಬಹುದು. ತಿರುವಿಗೆ ಮುಂಚೆಯೇ ಎರಡನ್ನೂ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಸಡಿಲ ಬಿಡುತ್ತೇನೆ. ಮಳೆಯಲ್ಲಿ ಮೊದಲ ಹಿಡಿತ ರಿಮ್ಮಿನ ನೀರು ಒರೆಸುವುದರಲ್ಲೇ ಹೋಗುತ್ತದೆ, ಅದಕ್ಕೇ ಇನ್ನೂ ಬೇಗ ಹಿಡಿಯಬೇಕು. ರಸ್ತೆಯಲ್ಲಿ ಮಂಗಗಳು ಜಾಸ್ತಿ. ಪ್ರವಾಸಿಗರು ತಿಂಡಿ ಎಸೆಯುವುದರಿಂದ ತಿರುವಿನಲ್ಲೇ ಕೂತಿರುತ್ತವೆ. ದಯವಿಟ್ಟು ಎಸೆಯಬೇಡಿ.

ಏನೂ ನಡೆಯದಿದ್ದರೆ ಬಸ್ಸಿಗೆ ಕೈ ತೋರಿಸಬೇಕು. ಇಲ್ಲಿ ಓಡುವುದು ಮಿನಿ ಬಸ್ಸುಗಳು, ಜಾಗ ಕಡಿಮೆ. ಎರಡೂ ಚಕ್ರ ಬಿಚ್ಚಿ, ಹಗ್ಗದಲ್ಲಿ ಫ್ರೇಮಿಗೆ ಕಟ್ಟಿ ನಿಂತಿದ್ದರೆ ಕಂಡಕ್ಟರ್ ಒಪ್ಪುವುದು ಸುಲಭ.