ಅಂಗಡಿ ನೋಡ್ದೆ ಲೋಗೋ ಮಾಡ್ಬೇಡಿ: ತುಮಕೂರಲ್ಲಿ ಕೂತು ಫ್ರೀಲಾನ್ಸ್ ಡಿಸೈನ್ ಮಾಡೋರಿಗೆ

ಮೊನ್ನೆ ಒಬ್ಬ ಹುಡುಗ ಫೋನ್ ಮಾಡಿದ್ದ, ಹೊಸದಾಗಿ ಡಿಸೈನ್ ಕೆಲ್ಸ ಶುರು ಮಾಡಿದಾನೆ. "ಅಣ್ಣ, ಐಡಿಯಾನೇ ಬರ್ತಿಲ್ಲ, ಪಿಂಟರೆಸ್ಟ್ ನೋಡಿ ನೋಡಿ ಕಣ್ಣು ಉರೀತಿದೆ" ಅಂದ. ಯಾರ ಕೆಲ್ಸನಪ್ಪಾ ಅಂದೆ, ಗಾಣದ ಎಣ್ಣೆ ಅಂಗಡಿದು ಅಂದ. ಅಂಗಡಿಗೆ ಹೋಗಿದ್ಯಾ? "ಇಲ್ಲಣ್ಣ, ವಾಟ್ಸಾಪಲ್ಲೇ ಮಾತಾಡಿದ್ದು." ಇನ್ನೆಲ್ಲಿಂದ ಬರ್ಬೇಕು ಐಡಿಯಾ! ನೆಟ್‌ನಲ್ಲಿ ಗಾಣ ಅಂತ ಹುಡುಕಿದ್ರೆ ಎತ್ತು ಸುತ್ತೋ ಚಿತ್ರ ಬರುತ್ತೆ, ಎಲ್ರ ಬಾಟ್ಲಿ ಮೇಲೂ ಅದೇ ಎತ್ತು. ಇವನ ಕ್ಲೈಂಟ್ ಹತ್ರ ಎತ್ತೇ ಇಲ್ಲ, ಗಾಣ ಮೋಟರಲ್ಲಿ ತಿರುಗುತ್ತೆ.

ಅದಕ್ಕೆ ನಾನು ಹೇಳೋ ಮೊದಲನೇ ಕೆಲ್ಸ ಇಷ್ಟೇ, ಲ್ಯಾಪ್‌ಟಾಪ್ ತೆಗೆಯೋಕೆ ಮುಂಚೆ ಅಂಗಡಿಗೆ ಹೋಗಿ ಅರ್ಧ ಗಂಟೆ ಸುಮ್ನೆ ಕೂತ್ಕೊಳ್ಳಿ. ಬೆಳಿಗ್ಗೆ ಬೋಣಿ ಟೈಮಲ್ಲಿ ಹೋಗ್ಬೇಡಿ, ಮುಖ ಕೊಟ್ಟು ಮಾತಾಡಲ್ಲ, ಮಧ್ಯಾಹ್ನ ಮೂರು ಗಂಟೆ ಒಳ್ಳೇದು. ಗಿರಾಕಿಗಳು ಆ ವಸ್ತುನ ಏನಂತ ಕೇಳ್ತಾರೆ, ಎಲ್ಲಿ ಮುಟ್ಟಿ ನೋಡ್ತಾರೆ, ಯಜಮಾನ್ರು ಯಾವ ಮಾತು ಹತ್ತು ಸಲ ಹೇಳ್ತಾರೆ ಅಂತ ಬರ್ಕೊಳ್ಳಿ. ಆ ಹುಡುಗ ಹೋಗಿ ನೋಡ್ಬಂದ ಮೇಲೆ ಒರಳಲ್ಲಿ ವಾಲ್ಕೊಂಡು ನಿಂತಿರೋ ಮರದ ಒನಕೆ ಫೋಟೋ ಕಳ್ಸಿದ. ಆ ವಾಲು ಇದ್ಯಲ್ಲ, ಅದನ್ನೇ ಹೆಸರಿನ ಮೊದಲನೇ ಅಕ್ಷರಕ್ಕೆ ಕೊಡು ಅಂದೆ, ಎರಡು ದಿನದಲ್ಲಿ ಲೋಗೋ ಮುಗೀತು.

ಸ್ಫೂರ್ತಿ ಅನ್ನೋದು ದೊಡ್ಡ ಪದ, ನಾನು ಅದನ್ನ ಸಾಮಾನು ಅಂತೀನಿ, ಸಾಮಾನು ಮನೇಲಿ ಮುಂಚೆನೇ ತಂದಿಟ್ಕೊಂಡಿದ್ರೆ ತಾನೆ ಅಡುಗೆ. ಆಷಾಢದಲ್ಲಿ ಲಗ್ನಪತ್ರಿಕೆ ಕೆಲ್ಸ ಒಂದೂ ಬರಲ್ಲ, ಪಿತೃಪಕ್ಷದಲ್ಲಿ ಅಂಗಡಿ ಓಪನಿಂಗ್ ಇರಲ್ಲ, ನಾನು ಆವಾಗ ಊರು ಸುತ್ತೋಕೆ ಹೋಗ್ತೀನಿ. ಮಂಡಿಪೇಟೆಲಿ ಗೋಣಿಚೀಲದ ಮೇಲೆ ತಗಡು ಇಟ್ಟು ಮಸಿ ಬಳಿದಿರೋ ಅಕ್ಷರ ನೋಡಿದೀರಾ, ಎರಡೇ ಬಣ್ಣದಲ್ಲಿ ಹೆಂಗೆ ಕೆಲ್ಸ ಮುಗಿಸ್ಬೇಕು ಅಂತ ಅದ್ರಿಂದ ಕಲ್ತೆ. ಗೂಳೂರು ಗಣಪನ ಹತ್ರ ಬಣ್ಣ ನೋಡಿ, ಅಷ್ಟು ದೊಡ್ಡ ಮಣ್ಣಿನ ಮೂರ್ತಿಗೆ ದೂರದಿಂದ ಕಣ್ಣು ಮೂಗು ಎದ್ದು ಕಾಣೋ ಹಂಗೆ ಬಳೀತಾರೆ, ಫ್ಲೆಕ್ಸ್ ಮಾಡೋರಿಗೆ ಅದಕ್ಕಿಂತ ಪಾಠ ಬೇಡ. ಸಿದ್ಧಗಂಗೆ ಜಾತ್ರೆಲಿ ರಾಸುಗಳ ಕೊಂಬಿಗೆ ಕಟ್ಟೋ ಟೇಪು ಕುಚ್ಚು, ತಿಪಟೂರಿನ ಉಂಡೆ ಕೊಬ್ಬರಿ ಮೇಲಿನ ಕಂದು, ಚೇಳೂರು ಕಡೆ ಸಿದ್ದು ಹಲಸಿನ ತೊಳೆ ಇದ್ಯಲ್ಲ ತಾಮ್ರದ ಕೆಂಪು, ಅದನ್ನ ಒಂದ್ಸಲ ಬಿಸಿಲಲ್ಲಿ ಹಿಡಿದು ನೋಡಿ. ಎಲ್ಲದ್ರ ಫೋಟೋನೂ ಫೋನಲ್ಲಿ ಒಂದು ಫೋಲ್ಡರ್ ಮಾಡಿ ಹಾಕ್ಕೊಳ್ಳಿ, ತೆಗೆದಿದ್ದು ಎಲ್ಲಿ ಅಂತ ಒಂದು ಸಾಲು ಬರೀರಿ, ಬರೀದಿದ್ರೆ ಆರು ತಿಂಗಳಾದ್ಮೇಲೆ ನಿಮಗೇ ಗೊತ್ತಾಗಲ್ಲ.

ಇನ್ನು ಮಾತುಕತೆ. ಬಣ್ಣ ಯಾವ್ದು ಇಷ್ಟ ಅಂತ ಮೊದಲೇ ಕೇಳ್ಬೇಡಿ, ಕೇಳಿದ್ರೆ ಹಳದಿ ಕೆಂಪು ಅಂತಾರೆ, ಅಲ್ಲಿಗೆ ನಿಮ್ಮ ಕೈ ಕಟ್ತು. ಇದನ್ನ ಯಾರು ಕೊಳ್ತಾರೆ, ಎಲ್ಲಿ ಇಡ್ತೀರಾ, ಪಕ್ಕದಲ್ಲಿ ಯಾವ ಪ್ಯಾಕೆಟ್ ಇರುತ್ತೆ ಅಂತ ಕೇಳಿ. ಎಲ್ಲಕ್ಕಿಂತ ಮುಖ್ಯ ಪ್ರಶ್ನೆ, "ಯಜಮಾನ್ರೇ, ಕೊನೇ ಮಾತು ಯಾರದು?" ಇದನ್ನ ಕೇಳ್ದೆ ನಾನು ಮೂರ್ನಾಲ್ಕು ಸಲ ಕೆಟ್ಟಿದೀನಿ. ಎಲ್ಲ ಓಕೆ ಆಗಿ ಪ್ರಿಂಟಿಗೆ ಹೋಗೋ ದಿನ ಬೆಂಗಳೂರಿಂದ ಅಳಿಯ ಬರ್ತಾನೆ, "ಅಂಕಲ್, ಇದು ಸ್ವಲ್ಪ ಮಾಡರ್ನ್ ಆಗಿಲ್ಲ" ಅಂತಾನೆ, ಮತ್ತೆ ಒಂದರಿಂದ ಶುರು. ಈಗ ಮೊದಲನೇ ಸ್ಕೆಚ್ ದಿನಾನೇ ಅಳಿಯನ್ನೂ ವಾಟ್ಸಾಪ್ ಗ್ರೂಪಿಗೆ ಸೇರಿಸ್ಬಿಡ್ತೀನಿ.

ದುಡ್ಡಿನ ವಿಷ್ಯ ಮುಜುಗರ ಪಡ್ದೆ ಮಾತಾಡಿ. ಅರ್ಧ ಅಡ್ವಾನ್ಸ್, ಎರಡು ಸಲ ತಿದ್ದುಪಡಿ, ಮೂರನೇದಕ್ಕೆ ಬೇರೆ ರೇಟು, ಪೂರ್ತಿ ದುಡ್ಡು ಬಂದ್ಮೇಲೆ ಓಪನ್ ಫೈಲ್, ಅಂದ್ರೆ ತಿದ್ದೋಕೆ ಬರೋ ಮೂಲ ಫೈಲ್. ಅಮಾವಾಸ್ಯೆ ಕಳೀಲಿ ಕೊಡ್ತೀನಿ ಅಂದ್ರೆ ಸರಿ, ನಾನೂ ಅಮಾವಾಸ್ಯೆ ಕಳೆದ್ಮೇಲೇ ಶುರು ಮಾಡ್ತೀನಿ ಅಂತ ನಗ್ತಾನೇ ಹೇಳಿ. "ಒಂದು ಹೆಸರು ಬರೆಯೋಕೆ ಇಷ್ಟಾನಾ ತಮ್ಮ" ಅನ್ನೋರಿಗೆ ವಾದ ಮಾಡ್ಬೇಡಿ, ಮೂರು ಸ್ಕೆಚ್ ಕಾಗದದ ಮೇಲೆ ತೋರ್ಸಿ ಯಾಕೆ ಎರಡು ಬಿಟ್ಟೆ ಅಂತ ಹೇಳಿ, ಅರ್ಧ ಜನ ಅಲ್ಲೇ ಸುಮ್ನಾಗ್ತಾರೆ. ಫೋನಲ್ಲಿ ಹೇಳಿದ್ದನ್ನೆಲ್ಲ ಸಂಜೆ ಒಂದು ಮೆಸೇಜ್ ಮಾಡಿ ಹಾಕಿ, "ಇವತ್ತು ಹಿಂಗೆ ಮಾತಾಡಿದ್ವಿ" ಅಂತ. ಕಂಪನಿ ಕ್ಲೈಂಟ್ ಆದ್ರೆ ನಿಮ್ಮ ಹೆಸರಲ್ಲಿ ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮಕ್ಕೆ ಸರ್ಕಾರದ ನೋಂದಣಿ) ಮಾಡ್ಸಿ, ಆನ್‌ಲೈನಲ್ಲಿ ಫ್ರೀ. ಸಣ್ಣ ಉದ್ಯಮಕ್ಕೆ 45 ದಿನದೊಳಗೆ ದುಡ್ಡು ಕೊಡ್ಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆಲೇ ಇದೆ, ಬಿಲ್ ಮೇಲೆ ಉದ್ಯಮ್ ನಂಬರ್ ಇದ್ರೆ ಅಕೌಂಟ್ಸ್‌ನೋರು ಸ್ವಲ್ಪ ಬೇಗ ಫೋನ್ ಎತ್ತುತಾರೆ.

ಕನ್ನಡ ಅಕ್ಷರದ ಹತ್ರ ಬಂದ್ರೆ ನಿಧಾನ ಮಾಡಿ, ನಾನು ಕೈ ಸುಟ್ಕೊಂಡಿದ್ದು ಇಲ್ಲೇ. ಹುರಿಹಿಟ್ಟಿನ ಪೌಚ್ ಒಂದು, ಫೈಲ್ ಹಂಗೇ ಟೆಕ್ಸ್ಟ್ ಇಟ್ಟು ಪ್ರೆಸ್ಸಿಗೆ ಕಳ್ಸಿದೆ, ಅವ್ರ ಸಿಸ್ಟಮ್‌ನಲ್ಲಿ ಆ ಫಾಂಟ್ ಇರ್ಲಿಲ್ಲ, ಟಕಾರದ ಒತ್ತು ಕಳಚಿ ಪಕ್ಕಕ್ಕೆ ಹೋಗಿ "ಹಿಟ್‌ಟು" ಅಂತ 2,000 ಪೌಚ್ ಪ್ರಿಂಟ್ ಆಗ್ಹೋಯ್ತು. ಅರ್ಧ ಖರ್ಚು ನಂದೇ. ಅವತ್ತಿಂದ ಕಳ್ಸೋ ಮುಂಚೆ ಎಲ್ಲಾ ಟೆಕ್ಸ್ಟ್ ಔಟ್‌ಲೈನ್ ಮಾಡ್ತೀನಿ, ಅಂದ್ರೆ ಅಕ್ಷರನ ಚಿತ್ರದ ಗೆರೆ ಮಾಡ್ಬಿಡೋದು, ಆವಾಗ ಫಾಂಟ್ ಇಲ್ದಿದ್ರೂ ಒಡೆಯಲ್ಲ. ಇದನ್ನ ಕೋರೆಲ್ ಸಾಫ್ಟ್‌ವೇರ್‌ನೋರು ಕರ್ವ್ ಅಂತಾರೆ, ಟೆಕ್ಸ್ಟ್ ಇರೋ ಕಾಪಿ ಬೇರೆ ಇಟ್ಕೊಂಡಿರ್ತೀನಿ. ಹಳೇ ನುಡಿ ಫಾಂಟ್ ಯೂನಿಕೋಡ್ (ಫೋನು, ಕಂಪ್ಯೂಟರ್ ಎಲ್ಲಾ ಒಂದೇ ಥರ ಓದೋ ಅಕ್ಷರದ ಕೋಡ್) ಅಲ್ಲ, ವಾಟ್ಸಾಪಲ್ಲಿ ಬಂದ ಮ್ಯಾಟರ್ ತಂದು ಅದ್ರಲ್ಲಿ ಅಂಟಿಸಿದ್ರೆ ಅಕ್ಷರ ಸರಿ ಬರಲ್ಲ, ಕನ್ವರ್ಟ್ ಮಾಡ್ಲೇಬೇಕು. ಇಲ್ಲಸ್ಟ್ರೇಟರ್‌ನಲ್ಲಿ ಒತ್ತಕ್ಷರ ಒಡೀತಿದ್ರೆ ಪ್ರಿಫರೆನ್ಸಸ್‌ನಲ್ಲಿ ಟೈಪ್‌ಗೆ ಹೋಗಿ ಇಂಡಿಕ್ ಆಪ್ಷನ್ಸ್ ಟಿಕ್ ಮಾಡಿ, ಆಮೇಲೆ ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ಸೌತ್ ಏಷಿಯನ್ ಕಂಪೋಸರ್ ಆರಿಸಿ. ಫಾಂಟಿಗೆ ಬಾಲೂ ತಮ್ಮ, ಅನೇಕ್ ಕನ್ನಡ, ನೋಟೋ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಫ್ರೀ ಸಿಗುತ್ತೆ. (ಗುಬ್ಬಿ ಅಂತಾನೂ ಒಂದು ಫಾಂಟ್ ಇದೆ, ನಮ್ಮ ಗುಬ್ಬಿ ಊರಲ್ಲ, ಹಕ್ಕಿ ಗುಬ್ಬಿ, ಅದ್ರ ಜೊತೇದು ನವಿಲು.) ಸಾಲಿನ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ, ಇಲ್ದಿದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತೆ.

ತಿನ್ನೋ ಪದಾರ್ಥದ ಪ್ಯಾಕೆಟ್ ಆದ್ರೆ ಡಿಸೈನ್ ಶುರು ಮಾಡೋ ದಿನಾನೇ 14 ಅಂಕಿ ಎಫ್‌ಎಸ್‌ಎಸ್‌ಎಐ (ಆಹಾರದ ಲೈಸೆನ್ಸ್) ನಂಬರ್, ನಿವ್ವಳ ತೂಕ, ಎಂಆರ್‌ಪಿ, ವಿಳಾಸ, ಸಸ್ಯಾಹಾರ ಆದ್ರೆ ಹಸಿರು ಚೌಕದೊಳಗಿನ ಹಸಿರು ಚುಕ್ಕೆ, ಎಲ್ಲದಕ್ಕೂ ಜಾಗ ಗುರುತು ಮಾಡ್ಕೊಳ್ಳಿ. ಆಮೇಲೆ ತುರುಕೋಕೆ ಹೋದ್ರೆ ಮುಖವೇ ಹಾಳು. ಬಾರ್‌ಕೋಡ್ ಕೆಂಪಲ್ಲಿ ಮಾಡ್ಬೇಡಿ, ಎಷ್ಟೇ ಚೆನ್ನಾಗಿ ಹೊಂದಿದ್ರೂ. ಸ್ಕ್ಯಾನರ್ ಬೆಳಕೇ ಕೆಂಪಿರೋದ್ರಿಂದ ಗೆರೆ ಅದಕ್ಕೆ ಕಾಣಲ್ಲ. ಬಿಳಿ ಮೇಲೆ ಕಪ್ಪು, ಮುಗೀತು.

ಪ್ರಿಂಟಿಗೆ ಸಿಎಂವೈಕೆ (ಪ್ರೆಸ್ಸಿನ ನಾಲ್ಕು ಶಾಯಿಯ ಬಣ್ಣದ ಮೋಡ್), 300 ಡಿಪಿಐ (ಒಂದು ಇಂಚಲ್ಲಿರೋ ಚುಕ್ಕೆ), ಸುತ್ತ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸೋ ಗೆರೆ ಆಚೆ ಬಿಡೋ ಹೆಚ್ಚುವರಿ ಬಣ್ಣ), ದೊಡ್ಡ ಫ್ಲೆಕ್ಸಿಗೆ ನಿಜವಾದ ಸೈಜಲ್ಲಿ 72ರಿಂದ 100 ಇದ್ರೆ ಸಾಕು. ಮೊಬೈಲಲ್ಲಿ ಹೊಳೆಯೋ ಗಿಳಿಹಸಿರು ಕಾಗದದ ಮೇಲೆ ಮಂಕಾಗುತ್ತೆ ಅಂತ ಕ್ಲೈಂಟಿಗೆ ಮೊದಲೇ ಒಂದು ಪ್ರಿಂಟ್ ತೆಗೆದು ಕೈಗೆ ಕೊಡಿ. ಪ್ರೂಫ್ (ಪ್ರಿಂಟಿಗೆ ಮುಂಚೆ ತೋರ್ಸೋ ಕಾಪಿ) ಮೇಲೆ ಅವ್ರ ಕೈಲೇ ಓಕೆ ಅಂತ ಬರೆಸಿ ಸಹಿ ಹಾಕಿಸಿ, ಮನೆಯವ್ರ ಹೆಸರು ತಪ್ಪಿದ್ರೆ ಲಗ್ನಪತ್ರಿಕೆ ಜಗಳ ಮದುವೆ ಆದ್ಮೇಲೂ ಮುಗಿಯಲ್ಲ. ವಾಟ್ಸಾಪಲ್ಲಿ ಕಳ್ಸೋದಾದ್ರೆ ಡಾಕ್ಯುಮೆಂಟ್ ಆಗಿ ಕಳ್ಸಿ, ಫೋಟೋ ಆಗಿ ಕಳ್ಸಿದ್ರೆ ಕ್ವಾಲಿಟಿ ಹೋಗುತ್ತೆ, ಅವ್ರು ಆ ಮಸುಕು ಫೋಟೋನೇ ಬೋರ್ಡ್ ಮಾಡೋನಿಗೆ ಕೊಡ್ತಾರೆ.

ಕೆಲ್ಸ ಮುಗಿದ್ಮೇಲೆ ಫೈಲ್‌ನ ಕ್ಲೈಂಟ್ ಹೆಸರು, ವರ್ಷ ಹಾಕಿ ಡ್ರೈವ್‌ನಲ್ಲಿಡಿ, ಫೈನಲ್ ಫೈನಲ್ 3 ಅಂತ ಇಡ್ಬೇಡಿ. ಎರಡು ವರ್ಷ ಸುದ್ದಿನೇ ಇರಲ್ಲ, ಆಮೇಲೆ ಆಯುಧಪೂಜೆ ಹಿಂದಿನ ದಿನ ರಾತ್ರಿ ಹತ್ತು ಗಂಟೆಗೆ ಫೋನ್ ಬರುತ್ತೆ, "ತಮ್ಮ, ಆ ಲೋಗೋ ಇದ್ಯಾ, ಬೋರ್ಡಿನೋನು ಇಲ್ಲೇ ನಿಂತವ್ನೆ."