ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಬ್ರೆಡ್ ಸ್ಟಫಿಂಗ್: ನನ್ನ ಅನುಭವ

ನವೆಂಬರಿನ ನಾಲ್ಕನೆಯ ಗುರುವಾರ ಅಮೆರಿಕದ ಮನೆಗಳಲ್ಲಿ ನಡೆಯುವ ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ ಎಲ್ಲರ ಕಣ್ಣು ಟರ್ಕಿ ಕೋಳಿಯ ಮೇಲಿರುತ್ತದೆ. ಆದರೆ ಎರಡನೆಯ ಸಲ ಹಾಕಿಸಿಕೊಳ್ಳಲು ಜನ ಕೈ ಚಾಚುವುದು ಹೆಚ್ಚಾಗಿ ಸ್ಟಫಿಂಗ್ ಕಡೆಗೆ. ಒಣಗಿಸಿದ ಬ್ರೆಡ್ ತುಂಡುಗಳಿಗೆ ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ ಮತ್ತು ಸೆಲರಿ, ಸೇಜ್ ಮೊದಲಾದ ಸೊಪ್ಪುಗಳು ಹಾಗೂ ಬಿಸಿ ಸ್ಟಾಕ್ (ತರಕಾರಿ ಅಥವಾ ಮೂಳೆ ಕುದಿಸಿ ಸೋಸಿದ ನೀರು) ಸೇರಿಸಿ ಓವನ್ನಿನಲ್ಲಿ ಬೇಯಿಸುವ ಪದಾರ್ಥ ಇದು. ಮಗಳು ಮ್ಯಾಸಚೂಸೆಟ್ಸಿನ ಹುಡುಗನನ್ನು ಮದುವೆಯಾದ ಮೇಲೆ ಈ ಹಬ್ಬ ನಮ್ಮ ಮನೆಗೂ ಬಂದಿತು. ನಾವು ಮಾಂಸ ತಿನ್ನುವವರಲ್ಲವೆಂದು ತಿಳಿದಿದ್ದ ಬೀಗಿತ್ತಿಯವರು, "ಟರ್ಕಿ ನನ್ನ ಪಾಲಿಗಿರಲಿ, ಸ್ಟಫಿಂಗ್ ನೀವು ಮಾಡಿ" ಎಂದು ಪಕ್ಕದಲ್ಲಿ ನಿಂತು ಒಮ್ಮೆ ಹೇಳಿಕೊಟ್ಟರು. ಅಂದಿನಿಂದ ಪ್ರತಿ ವರ್ಷವೂ ಆ ಕೆಲಸ ನನ್ನದೇ.

ಮೊದಲೇ ಒಂದು ಮಾತು. ಹೊಸದಾಗಿ ಮಾಡುವವರು ಯಾವ ಸೊಪ್ಪು, ಎಷ್ಟು ಚಮಚ ಎಂದು ಕೇಳುತ್ತಾರೆ. ಆದರೆ ಸ್ಟಫಿಂಗ್ ಚೆನ್ನಾಗುವುದೂ ಕೆಡುವುದೂ ನೀರಿನ ಲೆಕ್ಕದಲ್ಲಿ. ಬ್ರೆಡ್ಡಿನೊಳಗಿನ ನೀರನ್ನು ಪೂರ್ತಿಯಾಗಿ ತೆಗೆದು, ಆ ಜಾಗಕ್ಕೆ ರುಚಿಯಿರುವ ಸ್ಟಾಕನ್ನು ಅಳೆದು ತುಂಬುವುದೇ ಇಲ್ಲಿನ ಮುಖ್ಯ ಕೆಲಸ. ರವೆಯನ್ನು ಹುರಿಯದೆ ಉಪ್ಪಿಟ್ಟಿಗಿಟ್ಟರೆ ಏನಾಗುತ್ತದೆಂಬುದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ. ಒಣಗಿಸದ ಬ್ರೆಡ್ ಕೂಡ ಸ್ಟಾಕ್ ಬಿದ್ದೊಡನೆ ಹಾಗೆಯೇ ಮುದ್ದೆಯಾಗುತ್ತದೆ.

ಎಂಟರಿಂದ ಹತ್ತು ಜನರಿಗೆ, ಅಂದರೆ 9 ಇಂಚು ಅಗಲ 13 ಇಂಚು ಉದ್ದದ ಒಂದು ಪಾತ್ರೆಗೆ, ನಾನು ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಬ್ರೆಡ್ ತೆಗೆದುಕೊಳ್ಳುತ್ತೇನೆ. ಸ್ಯಾಂಡ್‌ವಿಚ್ಚಿಗೆ ಬಳಸುವ ಮೆತ್ತನೆಯ ಬಿಳಿ ಬ್ರೆಡ್ ಬೀಗಿತ್ತಿಯವರ ತಾಯಿಯ ಕಾಲದಿಂದ ಅವರ ಮನೆಯಲ್ಲಿ ನಡೆದುಬಂದ ರೂಢಿ. ಅದರ ಸ್ಟಫಿಂಗ್ ನುಣುಪಾಗಿ, ಚಮಚದಲ್ಲಿ ತೆಗೆದರೆ ಗಡ್ಡೆಯಾಗಿ ಬರುತ್ತದೆ. ನನಗೆ ತುಂಡುಗಳು ಬೇರೆ ಬೇರೆಯಾಗಿ ಬಾಯಿಗೆ ಸಿಗಬೇಕು. ಆದ್ದರಿಂದ ಸ್ವಲ್ಪ ಗಟ್ಟಿ ಹೊರಪದರವಿರುವ ಇಟಾಲಿಯನ್ ಬ್ರೆಡ್ಡನ್ನು ಆರಿಸಿ, ಚಾಕುವಿನಲ್ಲಿ ಕತ್ತರಿಸದೆ ಕೈಯಲ್ಲೇ ಮುಕ್ಕಾಲು ಇಂಚಿನಷ್ಟು ದೊಡ್ಡದಾಗಿ ಹರಿಯುತ್ತೇನೆ. ಹರಿದ ಅಂಚು ಒರಟಾಗಿರುವುದರಿಂದ ಅದರ ಚೂಪುಗಳು ಓವನ್ನಿನಲ್ಲಿ ಕೆಂಪಗಾಗಿ ಗರಿಗರಿಯಾಗುತ್ತವೆ. ಚಾಕುವಿನಿಂದ ಕತ್ತರಿಸಿದ ನಯವಾದ ಮೈಗೆ ಆ ಗುಣ ಬರುವುದಿಲ್ಲ. ತುಂಡಿನ ಅಳತೆ ಸಣ್ಣ ವಿಷಯವಲ್ಲ. ಜನರಲ್ ಫುಡ್ಸ್ ಕಂಪನಿ 1972ರಲ್ಲಿ ಮಾರುಕಟ್ಟೆಗೆ ತಂದ ಸ್ಟೋವ್ ಟಾಪ್ ಎಂಬ ದಿಢೀರ್ ಸ್ಟಫಿಂಗನ್ನು ರೂಪಿಸಿದವರಲ್ಲಿ ಮುಖ್ಯರಾದ ರೂತ್ ಸೀಮ್ಸ್ ಅವರ ಹೆಚ್ಚುಗಾರಿಕೆಯಿದ್ದದ್ದು ಮಸಾಲೆಯಲ್ಲಲ್ಲ. ಒಣ ಬ್ರೆಡ್ಡಿನ ಚೂರು ಎಷ್ಟು ದೊಡ್ಡದಿದ್ದರೆ ಬಿಸಿನೀರು ಬಿದ್ದಾಗ ಗಟ್ಟಿಯೂ ಉಳಿಯದೆ, ಅಂಟೂ ಆಗದೆ ಹದವಾಗಿ ನೆನೆಯುತ್ತದೆ ಎಂಬುದನ್ನು ಕಂಡುಕೊಂಡದ್ದರಲ್ಲಿ. ಅಳಿಯನಿಗೆ ಇಂದಿಗೂ ಆ ಡಬ್ಬಿಯ ಸ್ಟಫಿಂಗ್ ಮೇಲೆ ಗುಟ್ಟಾದ ಪ್ರೀತಿಯಿದೆ ಎಂಬುದು ಬೇರೆ ಮಾತು.

ಇನ್ನು ಒಣಗಿಸುವುದು. ಎರಡು ದಿನದ ಹಳೆಯ ಬ್ರೆಡ್ಡಾದರೆ ಸಾಕೆಂದು ಹಲವರು ಹೇಳುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಹಳೆಯ ಬ್ರೆಡ್ ಗಟ್ಟಿಯಾಗುವುದು ಮುಖ್ಯವಾಗಿ ಅದರೊಳಗಿನ ಪಿಷ್ಟ ಮತ್ತೆ ಹರಳುಗಟ್ಟುವುದರಿಂದಲೇ ಹೊರತು ನೀರು ಆರಿಹೋಗಿದ್ದರಿಂದ ಮಾತ್ರವಲ್ಲ. ಅದನ್ನೇ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ ಎಂಬುದೇ ಒಳಗೆ ನೀರು ಉಳಿದಿರುವುದಕ್ಕೆ ಸಾಕ್ಷಿ. ಹಾಗಾಗಿ ತಾಜಾ ಬ್ರೆಡ್ಡನ್ನೇ ತಂದು, ಹರಿದ ತುಂಡುಗಳನ್ನು ಎರಡು ದೊಡ್ಡ ತಟ್ಟೆಗಳಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, 250 ಡಿಗ್ರಿ ಫ್ಯಾರನ್‌ಹೀಟ್ ಶಾಖದಲ್ಲಿ, ಅಂದರೆ ಸುಮಾರು 120 ಸೆಲ್ಸಿಯಸ್‌ನಲ್ಲಿ, ಒಂದು ಗಂಟೆ ಕಾಲ ನಡುನಡುವೆ ಕೈಯಾಡಿಸುತ್ತಾ ಒಣಗಿಸುತ್ತೇನೆ. ಬಣ್ಣ ಹೆಚ್ಚು ತಿರುಗಬಾರದು, ಆದರೆ ತಿರುಳಿನವರೆಗೂ ಒಣಗಿರಬೇಕು. ಒಂದು ತುಂಡನ್ನು ಮುರಿದಾಗ ಟಕ್ಕೆಂದು ಎರಡಾಗಬೇಕು; ಪಾತ್ರೆಗೆ ಸುರಿದಾಗ ಹುರಿದ ಕಡಲೆ ಸುರಿದ ಹಾಗೆ ಸದ್ದಾಗಬೇಕು. ಈ ಕೆಲಸವನ್ನು ಸೋಮವಾರ ಅಥವಾ ಮಂಗಳವಾರವೇ ಮುಗಿಸಿ ಗಾಳಿಯಾಡದ ಡಬ್ಬಿಯಲ್ಲಿ ತುಂಬಿಟ್ಟರೆ ಗುರುವಾರದ ಗಡಿಬಿಡಿ ಅರ್ಧಕ್ಕಿಳಿಯುತ್ತದೆ. ಸೇಜ್ ಮತ್ತು ಸೆಲರಿಯನ್ನೂ ಆಗಲೇ ತಂದಿಡುವುದು ಕ್ಷೇಮ. ಬುಧವಾರ ಸಂಜೆ ಅಂಗಡಿಗೆ ಹೋದರೆ ಸೊಪ್ಪಿನ ಕಪಾಟು ಬರಿದಾಗಿರುತ್ತದೆ.

ಸ್ಟಾಕ್ ಕೂಡ ಹಿಂದಿನ ದಿನವೇ ಆಗಬೇಕು. ಮಾಂಸ ತಿನ್ನುವವರು ಕೋಳಿಯ ಮೂಳೆ ಕುದಿಸಿದ ನೀರನ್ನು ಬಳಸುತ್ತಾರೆ, ಅದಕ್ಕೆ ತನ್ನದೇ ಆದ ಗಟ್ಟಿತನವಿರುತ್ತದೆ. ಬರೀ ತರಕಾರಿ ಕುದಿಸಿದ ನೀರು ಸಪ್ಪೆ. ಅಂಗಡಿಯ ಪೊಟ್ಟಣದ್ದು ಹೆಚ್ಚಿನಂಶ ಕ್ಯಾರೆಟ್ಟಿನ ಸಿಹಿ ಮತ್ತು ಉಪ್ಪು. ಆದ್ದರಿಂದ ದಪ್ಪಗೆ ಹೆಚ್ಚಿದ ಈರುಳ್ಳಿ, ಒಂದು ಕ್ಯಾರೆಟ್, ಸೆಲರಿಯ ಎಲೆ ಮತ್ತು ತುದಿಗಳನ್ನು ಸ್ವಲ್ಪ ಎಣ್ಣೆಯಲ್ಲಿ ಚೆನ್ನಾಗಿ ಕಂದು ಬಣ್ಣ ತಿರುಗುವವರೆಗೆ ಹುರಿದು, ಒಂದು ಹಿಡಿ ಒಣ ಶಿಟಾಕೆ ಅಣಬೆ, ನಾಲ್ಕು ಕಾಳುಮೆಣಸು, ಒಂದು ಪಲಾವ್ ಎಲೆ, ಪಾರ್ಸ್ಲಿಯ ದಂಟು ಹಾಕಿ, ಒಂದೂವರೆ ಲೀಟರ್ ನೀರೆರೆದು ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ ಸೋಸುತ್ತೇನೆ. ಅಣಬೆಯೇ ಇಲ್ಲಿ ಮೂಳೆಯ ಕೆಲಸ ಮಾಡುವುದು. ನಮ್ಮ ಹಿರಿಯರ ಮನೆಗಳಲ್ಲಿ ಅಣಬೆ ನಿಷಿದ್ಧವಾಗಿತ್ತು. ಅದನ್ನು ಮುಟ್ಟದವರು ಈರುಳ್ಳಿಯನ್ನು ಇನ್ನಷ್ಟು ಗಾಢವಾಗಿ ಹುರಿದು ಕೊನೆಗೆ ಒಂದು ಚಮಚ ಸೋಯಾ ಸಾಸ್ ಸೇರಿಸಿದರೂ ನಡೆಯುತ್ತದೆ.

ಗುರುವಾರ ಬೆಳಗ್ಗೆ ಒಂದೂವರೆ ಸ್ಟಿಕ್, ಅಂದರೆ 170 ಗ್ರಾಂ ಉಪ್ಪಿಲ್ಲದ ಬೆಣ್ಣೆಯನ್ನು ಅಗಲವಾದ ಬಾಣಲೆಯಲ್ಲಿ ಕರಗಿಸಿ, ಸಣ್ಣಗೆ ಹೆಚ್ಚಿದ ಎರಡು ದೊಡ್ಡ ಈರುಳ್ಳಿ ಮತ್ತು ನಾಲ್ಕೈದು ದಂಟು ಸೆಲರಿ ಹಾಕುತ್ತೇನೆ. ಇಷ್ಟು ಬೆಣ್ಣೆ ನೋಡಿ ಗಾಬರಿಯಾಗುವವರು ಕಡಿಮೆ ಮಾಡಬಹುದು, ಆದರೆ ಹಬ್ಬದ ದಿನ ಹೋಳಿಗೆಯ ಮೇಲಿನ ತುಪ್ಪವನ್ನು ಯಾರೂ ಅಳೆಯುವುದಿಲ್ಲ. ಒಂದು ಚಮಚ ಉಪ್ಪು ಹಾಕಿ, ಮಧ್ಯಮ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ, ಈರುಳ್ಳಿ ಗಾಜಿನಂತಾಗಿ ಸೆಲರಿಯ ನಾರು ಸೋಲುವವರೆಗೆ ಬಾಡಿಸಬೇಕು. ಹಸಿ ಸೆಲರಿ ಓವನ್ನಿನಲ್ಲಿ ಬೇಯುತ್ತದೆಂದು ನಂಬಿದರೆ ಊಟದ ಹೊತ್ತಿಗೆ ಅದು ಹಲ್ಲಿಗೆ ಕರಕರ ಸಿಗುತ್ತದೆ. ಕೊನೆಯ ಎರಡು ನಿಮಿಷದಲ್ಲಿ ಸೊಪ್ಪುಗಳು: ಸಣ್ಣಗೆ ಹೆಚ್ಚಿದ ಹಸಿ ಸೇಜ್ ಎರಡು ದೊಡ್ಡ ಚಮಚ, ಥೈಮ್ ಒಂದು ದೊಡ್ಡ ಚಮಚ, ರೋಸ್‌ಮೆರಿ ಒಂದು ಸಣ್ಣ ಚಮಚ. ಸೇಜ್ ಎಲೆ ಬೂದು ಬೆರೆತ ಹಸಿರು. ಮೈಮೇಲೆ ನವಿರಾದ ಮಖಮಲ್ಲಿನಂಥ ರೋಮವಿದ್ದು, ಹೆಚ್ಚುವಾಗ ಬೆರಳಿಗೆ ಅಂಟಿಕೊಳ್ಳುತ್ತದೆ. ಹಸಿಯಾಗಿ ಮೂಸಿದರೆ ಕರ್ಪೂರದ ಹತ್ತಿರದ ಒಂದು ಕಟುವಾಸನೆ. ಬಿಸಿ ಬೆಣ್ಣೆಗೆ ಬಿದ್ದ ಅರೆಕ್ಷಣದಲ್ಲಿ ಆ ಕಟು ಇಳಿದು, ಇದು ಥ್ಯಾಂಕ್ಸ್‌ಗಿವಿಂಗ್ ಎಂದು ಬೀದಿಯ ಆಚೆಯವರಿಗೂ ತಿಳಿಯುವಂಥ ಘಮ ಏಳುತ್ತದೆ. ಬೀಗಿತ್ತಿಯವರು ಹಸಿ ಸೊಪ್ಪಿನ ಬದಲು ಬೆಲ್ಸ್ ಸೀಸನಿಂಗ್ ಪುಡಿಯನ್ನೇ ಹಾಕುತ್ತಾರೆ. 1867ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಈ ಪುಡಿಯಲ್ಲಿ ಸೇಜ್, ರೋಸ್‌ಮೆರಿ, ಒರೆಗಾನೊ, ಮಾರ್ಜೊರಮ್ ಜೊತೆಗೆ ಶುಂಠಿಯೂ ಇದೆ. ಹೀಗಾಗಿ ಅವರ ಸ್ಟಫಿಂಗಿನಲ್ಲಿ ನನ್ನದರಲ್ಲಿಲ್ಲದ ಒಂದು ಹಿತವಾದ ಖಾರವಿರುತ್ತದೆ.

ಒಗ್ಗರಣೆ, ಹಸಿಮೆಣಸು, ಗರಂ ಮಸಾಲೆ ಸೇರಿಸಲು ಕೈ ಬರುವುದು ಸಹಜ. ಗೆಳತಿಯೊಬ್ಬರು ಸೇಜ್ ಸಿಗದೆ ದೊಡ್ಡಪತ್ರೆ ಹಾಕಿದ್ದರು. ಎರಡೂ ತುಳಸಿಯ ಕುಟುಂಬಕ್ಕೇ ಸೇರಿದ ಗಿಡಗಳಾದರೂ ದೊಡ್ಡಪತ್ರೆಯ ವಾಸನೆ ಅಜವಾನದ ಕಡೆಗೆ ವಾಲಿ ಬೆಣ್ಣೆಯನ್ನೇ ನುಂಗಿಬಿಡುತ್ತದೆ. ಬೆಂಗಳೂರಿನಲ್ಲಿ ಮಾಡಬಯಸುವವರಿಗೆ ನನ್ನ ಸಲಹೆಯೆಂದರೆ, ದೊಡ್ಡ ಅಂಗಡಿಗಳಲ್ಲಿ ಸಿಗುವ ಒಣ ಸೇಜ್ ಎರಡು ಸಣ್ಣ ಚಮಚ ಸಾಕು; ಬ್ರೆಡ್ ಮಾತ್ರ ಸಿಹಿಯಿಲ್ಲದ್ದನ್ನು ಹುಡುಕಿ ತರಬೇಕು. ಬೇಕರಿಯ ಮಾಮೂಲಿ ಸಿಹಿ ಬ್ರೆಡ್ಡಿನಲ್ಲಿ ಈ ತಿನಿಸು ಅತ್ತ ಸ್ಟಫಿಂಗೂ ಅಲ್ಲ, ಇತ್ತ ಪುಡಿಂಗೂ ಅಲ್ಲ ಎಂಬಂತಾಗುತ್ತದೆ.

ಬೆರೆಸುವಾಗ ಅವಸರ ಕೂಡದು. ದೊಡ್ಡ ಪಾತ್ರೆಯಲ್ಲಿ ಒಣ ಬ್ರೆಡ್ ಹಾಕಿ, ಬೆಣ್ಣೆಯ ಸಮೇತ ಈರುಳ್ಳಿಯನ್ನೂ ಹೆಚ್ಚಿದ ಪಾರ್ಸ್ಲಿಯನ್ನೂ ಕಾಳುಮೆಣಸಿನ ಪುಡಿಯನ್ನೂ ಸೇರಿಸಿ ಮೊದಲು ಒಣದಾಗಿಯೇ ಕಲಸುತ್ತೇನೆ. ಬಳಿಕ ಬೆಚ್ಚಗಿನ ಸ್ಟಾಕನ್ನು ಒಂದು ಕಪ್ಪು ಸುರಿದು, ಕೆಳಗಿನಿಂದ ಮೇಲಕ್ಕೆ ಮಗುಚಿ, ಐದು ನಿಮಿಷ ಬಿಡುತ್ತೇನೆ. ಆಮೇಲೆ ಇನ್ನೊಂದು ಕಪ್ಪು. ಒಟ್ಟಿನಲ್ಲಿ ಎರಡೂವರೆಯಿಂದ ಮೂರು ಕಪ್ಪು, ಅಂದರೆ 600ರಿಂದ 700 ಮಿಲಿ ಹಿಡಿಸುತ್ತದೆ. ಕೊನೆಯ ಅರ್ಧ ಕಪ್ಪನ್ನು ಕೈ ಹೇಳಿದಂತೆ ಹಾಕಬೇಕು. ಒಂದು ಹಿಡಿ ತೆಗೆದು ಮೆಲ್ಲಗೆ ಅದುಮಿದರೆ ತುಂಡುಗಳು ಒಂದಕ್ಕೊಂದು ಹತ್ತಿಕೊಳ್ಳಬೇಕು, ಬೆರಳ ಸಂದಿನಿಂದ ನೀರು ಜಿನುಗಬಾರದು, ಬಿಟ್ಟೊಡನೆ ಹಿಡಿ ನಿಧಾನವಾಗಿ ಬಿಚ್ಚಿಕೊಳ್ಳಬೇಕು. ತುಂಡಿನ ನಡುವೆ ಇನ್ನೂ ಒಣ ಬಿಳಿ ಚುಕ್ಕೆ ಕಂಡರೆ ಸ್ವಲ್ಪ ಕಾದು ನೋಡಿ, ಆಮೇಲೆ ಸ್ಟಾಕ್ ಹಾಕಿ. ಸಾಂಪ್ರದಾಯಿಕವಾಗಿ ಎರಡು ಮೊಟ್ಟೆ ಒಡೆದು ಸೇರಿಸುತ್ತಾರೆ. ಅದರಿಂದ ಸ್ಟಫಿಂಗ್ ಕತ್ತರಿಸುವಷ್ಟು ಗಟ್ಟಿಯಾಗಿ ಕೂಡಿಕೊಳ್ಳುತ್ತದೆ. ನಮ್ಮ ಪಾತ್ರೆಗೆ ಮೊಟ್ಟೆಯಿಲ್ಲ, ಇಲ್ಲದಿದ್ದರೂ ಕೊರತೆ ತಿಳಿಯದು.

ಕೋಳಿಯ ಹೊಟ್ಟೆಗೆ ತುಂಬುವ ಹಳೆಯ ಕ್ರಮವನ್ನು ಬೀಗಿತ್ತಿಯವರೇ ಬಿಟ್ಟಿದ್ದಾರೆ. ಹಸಿ ಮಾಂಸದ ರಸ ಹೀರಿದ ಬ್ರೆಡ್ ಸುರಕ್ಷಿತವಾಗಬೇಕಾದರೆ ಅದರ ನಡುಭಾಗ 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್ ಮುಟ್ಟಬೇಕೆಂಬುದು ಅಮೆರಿಕದ ಕೃಷಿ ಇಲಾಖೆಯ ಸೂಚನೆ. ಅಲ್ಲಿಯವರೆಗೆ ಕಾದರೆ ಕೋಳಿಯ ಎದೆಯ ಮಾಂಸ ಒಣಗಿಹೋಗುತ್ತದಂತೆ. ಈಗ ಎರಡು ಪಾತ್ರೆ: ಒಂದು ನಮ್ಮದು, ಇನ್ನೊಂದು ಕೋಳಿಯ ಸ್ಟಾಕಿನದು. ಎರಡಕ್ಕೂ ಬೇರೆ ಬೇರೆ ಸೌಟು, ನಮ್ಮದಕ್ಕೆ ಗುರುತಾಗಿ ಮೇಲೊಂದು ಸೇಜ್ ಎಲೆ. ದಕ್ಷಿಣದ ರಾಜ್ಯಗಳವರು ಬ್ರೆಡ್ಡಿನ ಬದಲು ಮೆಕ್ಕೆಜೋಳದ ಹಿಟ್ಟಿನ ಕಾರ್ನ್‌ಬ್ರೆಡ್ ಹಾಕುತ್ತಾರೆ, ಕಡಲತೀರದವರು ಸಿಂಪಿ ಬೆರೆಸುವುದೂ ಉಂಟು.

ಒಂದೇ ಓವನ್ನಿರುವ ಮನೆಯಲ್ಲಿ ಸರದಿಯ ಪ್ರಶ್ನೆ ಬರುತ್ತದೆ. ಇದಕ್ಕೆ ದಾರಿ ಸುಲಭ. ಬೆಂದ ಟರ್ಕಿಯನ್ನು ಹೊರತೆಗೆದ ಮೇಲೆ ಕತ್ತರಿಸುವ ಮುನ್ನ ಅರ್ಧ ಗಂಟೆಗೂ ಹೆಚ್ಚು ಹಾಗೆಯೇ ಬಿಡಬೇಕು; ಆ ಹೊತ್ತು ಪೂರ್ತಿ ಓವನ್ ನಮ್ಮದು. ಸ್ಟಫಿಂಗ್ ಪಾತ್ರೆಗೆ ಬೆಣ್ಣೆ ಸವರಿ, ಮಿಶ್ರಣವನ್ನು ಒತ್ತದೆ ಸಡಿಲವಾಗಿ ತುಂಬಿ, ಫಾಯಿಲ್ ಮುಚ್ಚಿ, 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಇಪ್ಪತ್ತೈದು ನಿಮಿಷ ಬೇಯಿಸುತ್ತೇನೆ. ಬಳಿಕ ಫಾಯಿಲ್ ತೆಗೆದು, ಮೇಲೆ ನಾಲ್ಕೈದು ಸಣ್ಣ ತುಂಡು ಬೆಣ್ಣೆ ಚೆಲ್ಲಿ, ಮತ್ತೆ ಇಪ್ಪತ್ತು ಇಪ್ಪತ್ತೈದು ನಿಮಿಷ, ಮೇಲ್ಮೈ ಹೊಂಬಣ್ಣಕ್ಕೆ ತಿರುಗಿ ಅಂಚಿನಲ್ಲಿ ಬೆಣ್ಣೆ ಗುಳುಗುಳು ಎನ್ನುವವರೆಗೆ. ಮಕ್ಕಳು ಜಗಳವಾಡುವುದು ಮೂಲೆಯ ತುಂಡಿಗೆ. ಆದ್ದರಿಂದ ಆಳವಾದ ಪಾತ್ರೆಗಿಂತ ಅಗಲವಾದದ್ದೇ ಒಳ್ಳೆಯದು.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿದರೆ ಮೂರು ನಾಲ್ಕು ದಿನ ಇರುತ್ತದೆ. ಬಿಸಿ ಮಾಡುವಾಗ ಒಂದೆರಡು ಚಮಚ ಸ್ಟಾಕ್ ಚಿಮುಕಿಸಿ ಮುಚ್ಚಿಡಬೇಕು. ನಮ್ಮ ಮನೆಯಲ್ಲಿ ಶುಕ್ರವಾರ ಬೆಳಗ್ಗೆ ಅದನ್ನು ದಪ್ಪ ವಡೆಯ ಹಾಗೆ ತಟ್ಟಿ, ದೋಸೆಯ ಕಾವಲಿಯ ಮೇಲೆ ಎರಡೂ ಬದಿ ಕೆಂಪಗೆ ಬೇಯಿಸುತ್ತೇನೆ. ಬೀಗಿತ್ತಿಯವರು ಅದರ ಮೇಲೆ ಕ್ರ್ಯಾನ್‌ಬೆರಿ ಸಾಸ್ ಸುರಿದುಕೊಳ್ಳುತ್ತಾರೆ, ನಮ್ಮ ಯಜಮಾನರು ನಿಂಬೆಕಾಯಿ ಉಪ್ಪಿನಕಾಯಿ ನಂಚಿಕೊಳ್ಳುತ್ತಾರೆ.