ಸವೆತವೋ, ಹಾನಿಯೋ? ಠೇವಣಿಯಿಂದ ಹಣ ಮುರಿದುಕೊಳ್ಳುವ ಮುನ್ನ
ಮನೆ ಖಾಲಿ ಮಾಡುವ ದಿನ ಮಾಲೀಕರೂ ಬಾಡಿಗೆದಾರರೂ ನೋಡುವುದು ಒಂದೇ ಗೋಡೆಯನ್ನು. ಆದರೆ ಒಬ್ಬರ ಕಣ್ಣಲ್ಲಿರುವುದು ಮನೆ ಕೊಟ್ಟಾಗ ಇದ್ದ ಹೊಸ ಬಣ್ಣ. ಇನ್ನೊಬ್ಬರ ಮನಸ್ಸಿನಲ್ಲಿರುವುದು ಅಷ್ಟು ವರ್ಷ ತಪ್ಪದೆ ಕಟ್ಟಿದ ಬಾಡಿಗೆ. ವಾಸದಿಂದ ಸಹಜವಾಗಿ ಆಗುವ ಸವೆತಕ್ಕೆ ಬಾಡಿಗೆಯಲ್ಲೇ ಬೆಲೆ ಸಂದಿರುತ್ತದೆ, ಅಜಾಗ್ರತೆಯಿಂದಲೋ ದುರ್ಬಳಕೆಯಿಂದಲೋ ಆದ ಹಾನಿಯನ್ನಷ್ಟೇ ಠೇವಣಿಯಿಂದ ವಸೂಲು ಮಾಡಬಹುದು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ತತ್ವ.

ಮೊದಲ ಕೆಲಸ ಮನೆಗೆ ಸೇರುವ ದಿನದ್ದು. ಪ್ರತಿ ಕೋಣೆಯ ಗೋಡೆ, ನೆಲ, ಬಾಗಿಲು, ನಲ್ಲಿಗಳ ಸ್ಥಿತಿಯನ್ನು ಪಟ್ಟಿ ಮಾಡಿ, ದಿನಾಂಕವಿರುವ ಚಿತ್ರಗಳನ್ನು ತೆಗೆದು, ಪಟ್ಟಿಗೆ ಇಬ್ಬರೂ ಸಹಿ ಹಾಕಬೇಕು. ಈ ದಾಖಲೆ ಇಲ್ಲದಿದ್ದರೆ, ಬಿರುಕು ಮೊದಲೇ ಇತ್ತು ಎನ್ನುವವರನ್ನು ಸುಳ್ಳೆನ್ನಲು ಮಾಲೀಕರ ಬಳಿ ಆಧಾರವಿರುವುದಿಲ್ಲ.

ಖಾಲಿ ಮಾಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಹೇಗೆ ಕಾಣುತ್ತಿದೆ’ ಎಂಬುದಲ್ಲ, ‘ಯಾವುದರಿಂದ ಆಯಿತು’ ಎಂಬುದು. ಚಿತ್ರಪಟ ತೆಗೆದ ಜಾಗದಲ್ಲಿ ಬಣ್ಣ ಗಾಢವಾಗಿ ಉಳಿದು ಸುತ್ತಲೂ ಮಂಕಾಗಿದ್ದರೆ ಅದು ಬಿಸಿಲಿನ ಕೆಲಸ, ಅಂದರೆ ಸವೆತ. ಅದೇ ಜಾಗದಲ್ಲಿ ದೊಡ್ಡ ತಿರುಪನ್ನು ಕಿತ್ತು ಅಂಗೈಯಗಲ ಗಿಲಾವು ಉದುರಿದ್ದರೆ ಅದು ಹಾನಿ. ಓಡಾಡುವ ದಾರಿಯಲ್ಲಿ ನೆಲದ ಹೊಳಪು ಮಾಸುವುದು ಸವೆತ. ಮಂಚ ಎಳೆದು ಬಿದ್ದ ಉದ್ದನೆಯ ಗೀರು ಹಾಗಲ್ಲ. ವಾಷರ್ ಸವೆದು ನಲ್ಲಿ ತೊಟ್ಟಿಕ್ಕಿದರೆ ಮಾಲೀಕರು ದುರಸ್ತಿ ಮಾಡಿಸಬೇಕು, ಹಿಡಿ ಮುರಿದಿದ್ದರೆ ಬಾಡಿಗೆದಾರರು ಉತ್ತರಿಸಬೇಕು.

ನಿಜವಾಗಿ ತಲೆನೋವು ತರುವುದು ಗೋಡೆಯ ಮೇಲಿನ ಕಪ್ಪು ಬೂಷ್ಟು. ಹೊರಗಿನಿಂದ ನೀರು ಜಿನುಗಿ ಅದು ಬಂದಿದ್ದರೆ ಬಾಡಿಗೆದಾರರ ತಪ್ಪಿಲ್ಲ. ಕಿಟಕಿ ತೆರೆಯದೆ ಒದ್ದೆ ಬಟ್ಟೆಗಳನ್ನು ದಿನವೂ ಒಳಗೇ ಒಣಹಾಕಿದ್ದರೆ ಅವರ ಪಾಲೂ ಇದೆ. ಸೋರಿಕೆ ಕಂಡ ತಕ್ಷಣ ಬರಹದಲ್ಲಿ ತಿಳಿಸಿದವರು ಮತ್ತು ತಿಂಗಳುಗಟ್ಟಲೆ ಸುಮ್ಮನಿದ್ದವರು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ, ಏಕೆಂದರೆ ತಡವಾಗಿ ತಿಳಿಸಿದ್ದರಿಂದ ಹೆಚ್ಚಿದ ಹಾನಿ ತಡ ಮಾಡಿದವರ ಲೆಕ್ಕಕ್ಕೇ ಸೇರುತ್ತದೆ. ಒಂದು ಸಾಲಿನ ಸಂದೇಶ ಕಳಿಸಿಟ್ಟರೂ ಸಾಕು.

ಹಾನಿ ಎಂದು ತೀರ್ಮಾನವಾದ ಮಾತ್ರಕ್ಕೆ ಹೊಸ ವಸ್ತುವಿನ ಪೂರ್ತಿ ಬೆಲೆ ಕೇಳುವಂತಿಲ್ಲ. ಹತ್ತು ವರ್ಷ ಬಾಳುವ ನೆಲಹಾಸು ನೀವು ಬಂದಾಗ 2 ವರ್ಷ ಹಳೆಯದಾಗಿತ್ತು, ನೀವು 4 ವರ್ಷ ಇದ್ದಿರಿ, ಹೊರಡುವ ಮುನ್ನ ಇಸ್ತ್ರಿಪೆಟ್ಟಿಗೆ ತಗುಲಿ ಸುಟ್ಟಿತು ಎಂದುಕೊಳ್ಳಿ. ಅದರ ಆಯುಷ್ಯದಲ್ಲಿ 6 ವರ್ಷ ಮುಗಿದು 4 ಉಳಿದಿರುವುದರಿಂದ ಬದಲಿಸುವ ವೆಚ್ಚದ ಶೇ. 40ರಷ್ಟು ಮಾತ್ರ ನಿಮ್ಮ ಹೊಣೆ. ತೇಪೆಯಿಂದ ಸರಿಹೋಗುವುದಾದರೆ ತೇಪೆಯ ಖರ್ಚಷ್ಟೇ. ಕಪಾಟಿನ ಒಂದು ಬಾಗಿಲು ಮುರಿದದ್ದಕ್ಕೆ ಇಡೀ ಕಪಾಟನ್ನು ಬದಲಿಸಿ ಬಿಲ್ಲು ಕೊಡುವುದು, ನನ್ನ ಅಭಿಪ್ರಾಯದಲ್ಲಿ, ಬೇರೆಯವರ ಹಣದಲ್ಲಿ ಮನೆ ಹೊಸದು ಮಾಡಿಸಿಕೊಂಡಂತೆ.

ಕೊಳೆಯ ವಿಷಯ ಬೇರೆ. ಒಲೆಯ ಹಿಂದಿನ ಗೋಡೆಗೆ ಅಂಟಿದ ಎಣ್ಣೆ ಜಿಡ್ಡು ಸವೆತವಲ್ಲ. ಮನೆಯನ್ನು ಬಂದಾಗ ಇದ್ದಷ್ಟು ಸ್ವಚ್ಛವಾಗಿ ಮರಳಿಸಬೇಕು, ಅದಕ್ಕಿಂತ ಹೆಚ್ಚಿನದನ್ನು ಯಾರೂ ಕೇಳಲಾಗದು.

ಕಡಿತದ ವಿವರವನ್ನು ಬರಹದಲ್ಲೇ ಪಡೆಯಿರಿ: ಯಾವ ವಸ್ತು, ಏನಾಗಿದೆ, ಅದರ ವಯಸ್ಸೆಷ್ಟು, ದುರಸ್ತಿಗೆ ಎಷ್ಟು, ಬಿಲ್ಲು ಎಲ್ಲಿ. ‘ಬಣ್ಣಕ್ಕೆ ಇಷ್ಟು’ ಎಂದು ಒಟ್ಟು ಮೊತ್ತ ಹೇಳಿದರೆ, ಮೊದಲು ಕರಾರುಪತ್ರ ತೆಗೆದು ನೋಡಿ. ಖಾಲಿ ಮಾಡುವಾಗ ಬಣ್ಣದ ಖರ್ಚು ಬಾಡಿಗೆದಾರರದು ಎಂಬ ಷರತ್ತಿಗೆ ನೀವೇ ಸಹಿ ಹಾಕಿದ್ದರೆ ಸವೆತದ ವಾದ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಷರತ್ತಿಲ್ಲದಿದ್ದರೆ ಒಪ್ಪುವ ಬಾಬ್ತುಗಳನ್ನೂ ಒಪ್ಪದವುಗಳನ್ನೂ ಬೇರೆ ಬೇರೆಯಾಗಿ ಬರೆದು, ತಕರಾರಿಲ್ಲದ ಹಣವನ್ನು ಈಗಲೇ ಮರಳಿಸುವಂತೆ ಕೇಳಿ, ಆ ಪತ್ರದೊಂದಿಗೆ ಮೊದಲ ದಿನದ ಚಿತ್ರಗಳನ್ನು ಲಗತ್ತಿಸಿ.